ಮಾಲಗಾಡಿಗೆ ಉಡಿ ತುಂಬಿದ ಮಾವ

ನಮ್ಮ ಮಾವ ಜೀವಮಾನದಲ್ಲಿ ಒಮ್ಮೆಯೂ ರೈಲು ಹತ್ತಲಿಲ್ಲ. ಆದರೆ ಅವನಿಗೆ ಹತ್ತಿದ ರೈಲು ಸಾಯುವತನಕ ಇಳಿಯಲಿಲ್ಲ! ದೆವ್ವ ಹತ್ತಿದವರನ್ನು ನೀವು ನೋಡಿರಬಹುದು, ಹುಚ್ಚು ಹತ್ತಿದವರನ್ನಂತೂ ದಿನಾ ನೋಡುತ್ತೀರಿ. ಮಾಲಗಾಡಿ ಹತ್ತಿದವನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಕಲಬುರ್ಗಿ ಸ್ಟೇಷನ್ನಿನಲ್ಲಿ, ಅವನ ಹೆಗಲ ಮೇಲೆ ಕೂತು ನೋಡಿದ್ದೇನೆ.

ಹೆಗಲ ಮೇಲೆ ಎಂದದ್ದನ್ನು ನಮ್ಮವ್ವ ಕೊನೆಯವರೆಗೂ ಒಪ್ಪಲಿಲ್ಲ. "ಎಮ್ಮಿಕರ ಆಗಿದ್ದಿ ನೀನು ಆಗ. ಯಾರು ಹೊರ್ತಾರ ನಿನ್ನ?" ಎನ್ನುತ್ತಿದ್ದಳು. ಇರಬಹುದು. ಆಗ ನನಗೆ ಎಂಟು ವರ್ಷ ಎಂದು ಶಾಲೆಯ ದಾಖಲೆ, ಒಂಬತ್ತು ಎಂದು ಅವ್ವ. ಇಬ್ಬರಲ್ಲಿ ನಾನು ಹುಟ್ಟುವಾಗ ಹಾಜರಿದ್ದವಳು ಅವ್ವನೇ. ನನ್ನ ನೆನಪಿನಲ್ಲಿ ಮಾವನ ಮೀಸೆಯಿಂದ ಸದಾ ಹೊಗೆ ಬರುತ್ತಿರುತ್ತದೆ. ಅವನು ಬೀಡಿ ಮುಟ್ಟಿದವನೇ ಅಲ್ಲ ಎಂದು ಅತ್ತೆ ಆಣೆ ಹಾಕುತ್ತಾಳೆ. ಹಾಗಾದರೆ ಆ ಹೊಗೆ ಎಂಜಿನ್ನಿನದು. ನೆನಪು ಅದನ್ನು ತಂದು ಮೀಸೆಗೆ ಅಂಟಿಸಿದೆ. ಇಂಥ ನೆನಪನ್ನು ನಂಬಿ ಬರೆಯುತ್ತಿದ್ದೇನೆ, ನೀವೂ ಅಷ್ಟೇ ನಂಬಿ ಓದಿ.

ಮಾವ ಎಂದರೆ ಅವ್ವನ ಅಣ್ಣ. ಕಮಲಾಪುರದಲ್ಲಿ ಬಾಳೆಯ ತೋಟ ಮಾಡಿಕೊಂಡಿದ್ದ. ಅಲ್ಲಿನ ಕೆಂಪು ಬಾಳೆ ಗೊತ್ತಲ್ಲ? ಮಣ್ಣಿನ ಬಣ್ಣವನ್ನೇ ಸಿಪ್ಪೆಗೆ ಬಳಿದುಕೊಂಡು ಹುಟ್ಟುವ ಹಣ್ಣು. ಕಮಲಾಪುರಕ್ಕೆ ಆಗ ರೈಲಿರಲಿಲ್ಲ. ಪ್ರತಿ ಗುರುವಾರ ಬೆಳಗಿಗೆ ಮಾವನ ಎತ್ತಿನ ಬಂಡಿ ಹಣ್ಣಿನ ಬುಟ್ಟಿ ಹೇರಿಕೊಂಡು ಕಲಬುರ್ಗಿ ಸ್ಟೇಷನ್ನಿಗೆ ಬರುತ್ತಿತ್ತು. ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ. ಬುಟ್ಟಿಗಳನ್ನು ಇಳಿಸಿ, ತೂಗಿಸಿ, ಬಿಲ್ಟಿ ಎಂಬ ರಸೀದಿ ಬರೆಸಲು ಒಂದು ತಾಸು ಸಾಕು. ತೂಗುವುದು ಕೂಡ ಸ್ಟೇಷನ್ನಿನ ಬಾಬುವಿನ ಸಮಾಧಾನಕ್ಕೆ. ಬುಟ್ಟಿಯನ್ನು ಒಮ್ಮೆ ಎತ್ತಿದರೆ ಮಾವ ತೂಕ ಹೇಳುತ್ತಿದ್ದ, ಆಮೇಲೆ ತಕ್ಕಡಿ ಹೌದು ಎನ್ನುತ್ತಿತ್ತು. ಆದರೆ ಮಾವ ಸಂಜೆಯವರೆಗೂ ಸ್ಟೇಷನ್ ಬಿಟ್ಟು ಕದಲುತ್ತಿರಲಿಲ್ಲ. ಯಾಕೆ? ಮಾಲಗಾಡಿ ನೋಡಬೇಕು!

ಪ್ಯಾಸೆಂಜರ್ ಗಾಡಿ ಬಂದರೆ ಬೆನ್ನು ತಿರುಗಿಸಿ ಕೂಡುತ್ತಿದ್ದ. "ಅದೇನ್ ಗಾಡಿ? ಮಂದಿ ಒಯ್ಯೂ ಗಾಡಿ. ಮಂದಿ ಅಂದ್ರ ಗದ್ಲ. ಮಾಲು ನೋಡು, ಇಟ್ಟಲ್ಲಿ ಇರ್ತದ, ಹೇಳಿದಲ್ಲಿ ಇಳೀತದ."

"ಇಷ್ಟು ಹುಚ್ಚು ಅದ, ಒಮ್ಮೆ ಹತ್ತಿ ಸೋಲಾಪುರತನಕ ಹೋಗಿ ಬರ್ರಲ್ಲ?" ಎಂದು ನಮ್ಮಪ್ಪ ಕೆಣಕಿದರೆ ಮಾವನ ಉತ್ತರ ಸಿದ್ಧ:

"ಹತ್ತಿದ್ರ ಗಾಡಿ ಹ್ಯಾಂಗ ಕಾಣ್ತದ್ರಿ? ಎತ್ತಿನ ಮ್ಯಾಲ ಕುಂತು ಎತ್ತಿನ ಮಾರಿ ನೋಡಾಕ ಬರ್ತದೇನು?"

ಅಪ್ಪ ಮೇಷ್ಟ್ರು. ಆದರೂ ಪಾಠ ಕೇಳಿದ ಹುಡುಗನಂತೆ ತಲೆಯಾಡಿಸಿದರು.

ಎಂಜಿನ್ನುಗಳಿಗೆಲ್ಲ ಮಾವ ಹೆಸರಿಟ್ಟಿದ್ದ. ಯಾವಾಗಲೂ ನೀರು ಸೋರುತ್ತಿದ್ದದ್ದು ಅಳಬುರುಕಿ. ಯಾರ್ಡಿನಲ್ಲೇ ಹಿಂದೆ ಮುಂದೆ ತಿರುಗುತ್ತಿದ್ದ ಗಿಡ್ಡ ಎಂಜಿನ್ನು ಓಣಿಯ ಚಾಡಿಕೋರಿ. ಎಲ್ಲಕ್ಕಿಂತ ಹಳೆಯದು, ಏರು ಹತ್ತುವಾಗ ಗೊರಗೊರ ಎಂದು ಏದುತ್ತಿದ್ದದ್ದು ದಮ್ಮಿನ ಮುತ್ಯಾ, ಎಂದರೆ ಅಜ್ಜ. ಈ ಮುತ್ಯಾನ ಉಬ್ಬಸ ಮಾವನಿಂದ ನೋಡಲಾಗಲಿಲ್ಲ. ಒಂದು ಗುರುವಾರ ಅದು ನೀರು ಕುಡಿಯಲು ನಿಂತಾಗ ನೇರ ಡ್ರೈವರನ ಹತ್ತಿರ ಹೋದ.

"ಸಾಹೇಬ್ರ, ಇದಕ್ಕ ಹಸಿಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿ ಕುಡಸ್ರಿ. ನಮ್ಮ ಮುತ್ಯಾಗ ಅದರಿಂದನ ಆರಾಮಾತು."

ಡ್ರೈವರ್ ಉದ್ದ ಗಡ್ಡದ, ಕಪ್ಪು ಕೈಗಳ ಮನುಷ್ಯ. ನಗಲಿಲ್ಲ. ಗಂಭೀರವಾಗಿ ಕೇಳಿದ: "ಎಷ್ಟು ಕುಡಿಸಬೇಕ್ರಿ?"

ಮಾವ ಎಂಜಿನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದು ನೋಡಿದ. "ನಮ್ಮ ಮುತ್ಯಾಗ ಒಂದು ವಾಟಗಾ ಕೊಡ್ತಿದ್ದಿವಿ. ಇದು ಸ್ವಲ್ಪ ದೊಡ್ಡದದ. ಎರಡು ಕೊಡ್ರಿ."

ಆಗ ನಕ್ಕ ಡ್ರೈವರ್ ಎಷ್ಟು ನಕ್ಕನೆಂದರೆ, ಎಂಜಿನ್ನಿನಲ್ಲಿ ನೀರು ತುಂಬಿ ಹೊರಗೆ ಚೆಲ್ಲಿತು. ಅಂದಿನಿಂದ ಇಬ್ಬರೂ ದೋಸ್ತರು. ಡ್ರೈವರನನ್ನು ಎಲ್ಲರೂ ಡ್ರೈವರ್ ಸಾಬ ಎನ್ನುತ್ತಿದ್ದರು. ನಮ್ಮ ಓಣಿಯ ಆಚೆ ತುದಿಯಲ್ಲೇ ಬಾಡಿಗೆಗಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಎರಡು ಮಕ್ಕಳು. ಅವನ ಸೀಟಿಗೆ ಒಂದು ವಿಶೇಷವಿತ್ತು: ಒಂದು ಉದ್ದ, ಒಂದು ಗಿಡ್ಡ, ಕೊನೆಗೆ ಬಿಕ್ಕಳಿಕೆಯಂಥ ಒಂದು ಚೂರು. ಅವನು 'ಕಮಲಾಪೂ—ರ!' ಎಂದು ಊರ ಹೆಸರು ಹಿಡಿದು ತನ್ನನ್ನೇ ಕರೆಯುತ್ತಾನೆ ಎಂದು ಮಾವ ಹೇಳುತ್ತಿದ್ದ. ನೀವು ಒಮ್ಮೆ ಹಾಗೆ ಕೇಳಿಸಿಕೊಂಡರೆ ಮುಗಿಯಿತು, ಆಮೇಲೆ ಬೇರೆ ರೀತಿ ಕೇಳಿಸುವುದೇ ಇಲ್ಲ.

ಮಾವನ ಒಂದು ದೊಡ್ಡ ವ್ರತದ ವಿಷಯ ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವನು 'ಖಾಲಿ' ಎಂಬ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲ. ನಮ್ಮ ಕಡೆ ಹಿರಿಯರು ಜೋಳ ತೀರಿದರೆ ತೀರಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಿತು, ಕುಂಕುಮ ಮುಗಿದರೂ ಹೆಚ್ಚಿತು. ಮಾವನ ಅವ್ವ, ಅಂದರೆ ನಮ್ಮ ಅಜ್ಜಿ, ಅವನಿಗೆ ಈ ಪಾಠ ಎಷ್ಟು ಗಟ್ಟಿಯಾಗಿ ಕಲಿಸಿದ್ದಳೆಂದರೆ, ಅವನ ಪಾಲಿಗೆ ಲೋಕದಲ್ಲಿ ಖಾಲಿಯಾದದ್ದು ಯಾವುದೂ ಇರಲಿಲ್ಲ. ಎಲ್ಲವೂ ಹೆಚ್ಚಿದ್ದೇ!

ಸ್ಟೇಷನ್ನಿನಲ್ಲಿ ಮಾಲು ಬರೆದುಕೊಳ್ಳುವ ಬಾಬು ಮದ್ರಾಸಿನ ಕಡೆಯವನು. ಕಷ್ಟಪಟ್ಟು ಕನ್ನಡ ಕಲಿಯುತ್ತಿದ್ದ. ಒಂದು ದಿನ ಊರಿಗೆ ತಿರುಗಿ ಹೋಗಬೇಕಾದ ಬುಟ್ಟಿಗಳನ್ನು ತೋರಿಸಿ, "ಇದೆಲ್ಲ ಖಾಲಿಯಾ?" ಎಂದು ಕೇಳಿದ.

"ಹೆಚ್ಚ್ಯಾವ್ರಿ."

"ಹೆಚ್ಚಿದೆಯಾ? ಎಷ್ಟು ಹೆಚ್ಚು?"

"ಎಲ್ಲಾ ಹೆಚ್ಚ್ಯಾವ್ರಿ!"

ಬಾಬು ಗಾಬರಿಯಾದ. ಹೆಚ್ಚುವರಿ ಬುಟ್ಟಿಗಳು ಎಲ್ಲಿವೆ ಎಂದು ಹಮಾಲರನ್ನು ಕರೆದುಕೊಂಡು ಗೋದಾಮು, ಯಾರ್ಡು, ಕೊನೆಗೆ ಸ್ಟೇಷನ್ ಮಾಸ್ತರರ ಕೋಣೆಯನ್ನೂ ಹುಡುಕಿದ. ಮಾವ ಪಾಪ, ಅವನ ಹಿಂದೆಯೇ ತಿರುಗುತ್ತ ತಾನೂ ಹುಡುಕಿದ. ಏನು ಹುಡುಕುತ್ತಿದ್ದೇವೆ ಎಂದು ಕೇಳಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಇಂಥವನ ಕಣ್ಣಿಗೆ ಖಾಲಿ ಮಾಲಗಾಡಿ ಬಿದ್ದರೆ ಹೇಗಿರಬೇಡ! ಹೇರಿಕೊಂಡು ಬಂದದ್ದನ್ನೆಲ್ಲ ಇಳಿಸಿ, ಬಾಯಿ ತೆರೆದ ಡಬ್ಬಿಗಳ ಸಾಲು ಖಡಖಡ ಎಂದು ತಿರುಗಿ ಹೋಗುತ್ತಿದ್ದರೆ ಮಾವ ಕೂತಲ್ಲಿಂದ ಎದ್ದುಬಿಡುತ್ತಿದ್ದ. "ಹೆಣ್ಮಗಳು ಮನೀಗೆ ಬಂದು ಹೋಗ್ತಾಳಂದ್ರ ಉಡಿ ತುಂಬಲ್ದಽ ಕಳಿಸ್ತೀವೇನು?" ಎಂದು, ಬುಟ್ಟಿಯಲ್ಲಿ ಮಿಕ್ಕ ಹಣ್ಣು ಹಿಡಿದು ಓಡಿ, ಹೊರಟ ಗಾಡಿಯ ಒಂದೊಂದು ಡಬ್ಬಿಗೆ ಒಂದೊಂದು ಬಾಳೆಹಣ್ಣು ಎಸೆಯುತ್ತಿದ್ದ! ಹೀಗೆ ಮಾಲಗಾಡಿಗೆ ಉಡಿ ತುಂಬಿದವನು ಲೋಕದಲ್ಲಿ ಇವನೊಬ್ಬನೇ ಇರಬೇಕು. ಇದರ ಪರಿಣಾಮ ಗೊತ್ತೇ? ಮುಂದಿನ ಸ್ಟೇಷನ್ನಿನ ಮಂಗಗಳು ಗಾಡಿಯ ವೇಳೆ ಕಲಿತವು. ಗುರುವಾರ ಗಾಡಿ ತಡವಾದರೆ ಅಲ್ಲಿನ ಜನ ಮಾಸ್ತರರನ್ನು ಕೇಳದೆ ಬೇವಿನ ಮರ ನೋಡುತ್ತಿದ್ದರಂತೆ. ಮಂಗಗಳು ಕೆಳಗಿಳಿದರೆ ಗಾಡಿ ಬಂತೆಂದೇ ಅರ್ಥ. ಮಂಗಗಳ ಮಾತು ಡ್ರೈವರ್ ಸಾಬನದು. ನಾನು ಅದಕ್ಕೆ ಬೇವಿನ ಮರವನ್ನಷ್ಟೇ ಸೇರಿಸಿದ್ದೇನೆ.

ಆ ವರ್ಷ ರಂಜಾನ್ ಹಬ್ಬವೂ ನಮ್ಮ ಪಂಚಮಿಯೂ ಒಂದರ ಬೆನ್ನಿಗೊಂದು ಬಂದವು. ಡ್ರೈವರ್ ಸಾಬನ ತಾಯಿ ಹಿತ್ತಾಳೆಯ ಎರಡಂತಸ್ತಿನ ಡಬ್ಬಿಯಲ್ಲಿ ಮಾವನಿಗೆ ಸುರಕುಂಬಾ ಕಳಿಸಿದಳು. ಮಾವ ಅದನ್ನು ಬಂಡಿಯಲ್ಲಿ ಮಡಿಲಲ್ಲಿಟ್ಟುಕೊಂಡು ಕಮಲಾಪುರಕ್ಕೆ ಒಯ್ದ. ಅತ್ತೆ ಹುಬ್ಬು ಗಂಟಿಕ್ಕಿದಳು.

"ಅವರ ಮನೀದು ನಾವು ಉಣ್ಣೂದಾ?"

"ಹಾಲು, ಖರ್ಜೂರ, ಶಾವಿಗಿ. ಮೂರರಾಗ ಯಾವುದು ಅವರ ಮನೀದು, ಆರಿಸಿ ತಗದು ಹೊರಗಿಡು."

ಅತ್ತೆ ಆರಿಸಲು ಕೂತಳು. ಆರಿಸುತ್ತ ಆರಿಸುತ್ತ ಮುಕ್ಕಾಲು ಡಬ್ಬಿ ಹೆಚ್ಚಿತು!

ಈಗ ಡಬ್ಬಿ ತಿರುಗಿ ಕೊಡಬೇಕಲ್ಲ? ಬರಿ ಡಬ್ಬಿ ಕೊಡುವ ಮಾತೇ ಇಲ್ಲ. ಅತ್ತೆ ಪಂಚಮಿಯ ಉಂಡಿ ತುಂಬಿಟ್ಟಳು. ಆದರೆ ಗುರುವಾರ ಬರುವಷ್ಟರಲ್ಲಿ ದಾರಿ ಕೆಟ್ಟಿತ್ತು. ರಜಾಕಾರರ ಗಲಾಟೆ ಜೋರಾಗಿ, ಕಮಲಾಪುರದಿಂದ ಬಂಡಿ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ನಾವು ಕಲಬುರ್ಗಿಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಆಮೇಲೆ ಭಾರತದ ಸೈನ್ಯ ಬಂತು, ಪೊಲೀಸ್ ಆಕ್ಷನ್ ಎಂದರು. ಐದೇ ದಿನದಲ್ಲಿ ನಿಜಾಮರ ರಾಜ್ಯ ಮುಗಿಯಿತು. ನಾವು ಬಾಗಿಲು ತೆರೆದೆವು. ಓಣಿಯ ಆಚೆ ತುದಿಯವರು ಬಾಗಿಲು ಹಾಕಿಕೊಂಡರು. ಎಲ್ಲರೂ ಒಂದೇ ಸಲ ಬಾಗಿಲು ತೆರೆದಿದ್ದ ದಿನ ಆ ವರ್ಷ ಒಂದಾದರೂ ಇತ್ತೇ ಎಂದು ಎಷ್ಟು ಜಾಲಾಡಿದರೂ ನೆನಪಿಗೆ ಸಿಗುತ್ತಿಲ್ಲ.

ಡ್ರೈವರ್ ಸಾಬನ ಮನೆಗೆ ಕೀಲಿ ಬಿದ್ದಿತ್ತು. ಹೈದರಾಬಾದಿಗೆ ಹೋದ ಎಂದರು ಕೆಲವರು. ದೇಶವನ್ನೇ ಬಿಟ್ಟ ಎಂದರು ಇನ್ನು ಕೆಲವರು. ಉಳಿದವರು ಬೇರೆ ಕಡೆ ನೋಡಿದರು. ಮಾಲಗಾಡಿ ಮತ್ತೆ ಓಡತೊಡಗಿದಾಗ ದಮ್ಮಿನ ಮುತ್ಯಾನ ಮೇಲೆ ಬೇರೆ ಯಾರೋ ಡ್ರೈವರ್. ಸೀಟಿ ಬರೇ ಸೀಟಿ. ಅದರಲ್ಲಿ ಯಾವ ಊರಿನ ಹೆಸರೂ ಇರಲಿಲ್ಲ.

ಮಾವನ ಹುಚ್ಚಿಗೆ ಹೊಸ ಕೊಂಬೆ ಒಡೆಯಿತು. ಪ್ರತಿ ಗುರುವಾರ ಡಬ್ಬಿಯನ್ನು ಹೊಸದಾಗಿ ತುಂಬಿಸಿಕೊಂಡು ಬರುವುದು. ಸಂಜೆಯವರೆಗೆ ಪ್ಲಾಟ್‌ಫಾರ್ಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂಡುವುದು. ಡ್ರೈವರ್ ಸಾಬ ಬರದಿದ್ದರೆ ಹಮಾಲರಿಗೆ, ನನಗೆ, ಬಾಬುವಿಗೆ ಹಂಚಿ, ಡಬ್ಬಿ ಹೊತ್ತುಕೊಂಡು ಊರಿಗೆ ಹೋಗುವುದು.

"ಅಣ್ಣಾ, ಹೋದಾಂವ ಹೋದ. ಎಷ್ಟಂತ ಹೊರ್ತಿ?" ಎಂದಳು ಅವ್ವ.

"ಡಬ್ಬಿ ನನ್ನ ಹಂತೇಲಿ ಅದ ತಂಗೀ. ಅಂವ ಹ್ಯಾಂಗ ಹೋದಾನು?"

ಸ್ಟೇಷನ್ನಿನಲ್ಲಿ ಆಗ ಬಂದೂಕು ಹಿಡಿದ ಸಿಪಾಯಿಗಳಿದ್ದರು. ಒಬ್ಬ ಎತ್ತರದವನಿಗೆ ಈ ಡಬ್ಬಿಯ ಮೇಲೆ ಅನುಮಾನ ಬಂತು. ಅವನ ಭಾಷೆ ನಮಗೆ ತಿಳಿಯದು, ನಮ್ಮದು ಅವನಿಗೆ. ಮಾವ ಮುಚ್ಚಳ ತೆರೆದ. ಸಿಪಾಯಿ ಒಂದು ಉಂಡಿ ತೆಗೆದು ಮೂಸಿ, ಕಚ್ಚಿ, ಯೋಚಿಸಿ, ಸಂಶಯ ಪರಿಹಾರಕ್ಕೆ ಇನ್ನೊಂದು ತೆಗೆದ. ಅಂದಿನಿಂದ ಪ್ರತಿ ಗುರುವಾರ ತಪ್ಪದೆ ತಪಾಸಣೆ ನಡೆಯಿತು. ಒಂದು ವಾರ ಚಕ್ಕುಲಿ ಇದ್ದದ್ದಕ್ಕೆ ಅವನ ಮುಖ ಸಣ್ಣದಾದದ್ದೂ ನನಗೆ ನೆನಪಿದೆ. ಈ ದೇಶದ ಭದ್ರತೆಗೆ ನಮ್ಮ ಅತ್ತೆಯ ಕೈ ಇಷ್ಟು ನೆರವಾದದ್ದು ಎಲ್ಲೂ ದಾಖಲಾಗಿಲ್ಲ.

ಸಂಕ್ರಾಂತಿಯ ವಾರ. ಮಾವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬುಟ್ಟಿ ಇಳಿಸಲು ಹೋದ. ನಾನು ಮುಚ್ಚಳ ಎತ್ತಿದೆ. ಎಳ್ಳುಂಡಿ! ಒಂದು ತಿಂದೆ. ಹೇಗೂ ಸಂಜೆಗೆ ನನ್ನ ಪಾಲು ಬರುವುದೇ, ಮುಂಚೆ ತಿಂದರೇನು ಎಂದು ಎರಡನೆಯದು ತಿಂದೆ. ಮೂರನೆಯದಕ್ಕೆ ಕಾರಣ ಹುಡುಕಲಿಲ್ಲ. ಐದೂ ಮುಗಿದವು. ಮುಚ್ಚಳ ಹಾಕಿ, ಕೊಂಡಿ ಸಿಗಿಸಿ, ಬಾಯಿ ಒರೆಸಿಕೊಂಡು ಕೂತೆ. ಮಾವ ಬಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ.

ಆಗ ಕೇಳಿಸಿತು. ಒಂದು ಉದ್ದ, ಒಂದು ಗಿಡ್ಡ, ಕೊನೆಗೆ ಬಿಕ್ಕಳಿಕೆ.

ಅಳಬುರುಕಿ ಬಂದು ನೀರಿನ ಕಂಬದ ಕೆಳಗೆ ನಿಂತಿತು. ಇಳಿದವನನ್ನು ನೋಡಿ ಮಾವ ಎದ್ದವನು ಅಲ್ಲೇ ನಿಂತ. ನುಣ್ಣಗೆ ಬೋಳಿಸಿದ ಮುಖ.

"ಏನ್ರಿ ಸಾವ್ಕಾರ್ರ, ಗುರ್ತು ಸಿಗಲಿಲ್ಲೇನ್ರಿ?"

"ಸೀಟಿ ಗುರ್ತು ಸಿಕ್ತು, ಮಾರಿ ಸಿಗವಲ್ದು. ಗಡ್ಡ ಎಲ್ಲಿ ಬಿಟ್ಟು ಬಂದಿ?"

"ಹಾದ್ಯಾಗ ಬಿತ್ತು ಅಂತ ತಿಳೀರಿ."

ಇಬ್ಬರೂ ನಗಲು ನೋಡಿದರು. ಎಂಜಿನ್ನು ಗಟಗಟ ನೀರು ಕುಡಿಯುತ್ತಿತ್ತು.

"ಮನ್ಯಾಗೆಲ್ಲಾ?"

"ಆರಾಮ ಇದ್ದಾರ್ರಿ. ಹೈದರಾಬಾದಿನಾಗ ಅತ್ತಿ ಮನ್ಯಾಗ ಇದ್ದಾರ." ಡ್ರೈವರ್ ಸಾಬ ಕೈ ಒರೆಸಿಕೊಂಡ. "ಬದಲಿ ಕೇಳಿ ಅರ್ಜಿ ಬರದೀನಿ. ನಾಳಿ ಕೊಡೂದು. ಇದೇ ಕಡೀ ಸರ್ತಿ ಈ ಹಾದಿಗೆ. ಮನಿ ಮಾಲಕರಿಗೆ ಕೀಲಿ ಕೊಟ್ಟು ಬಂದೆ. ಅಮ್ಮಾ ಅಂದಳು, ನಮ್ಮ ಡಬ್ಬಿ ಒಂದು ಅಲ್ಲಿ ಉಳದದ, ತಗೊಂಡು ಬಾ ಅಂತ. ಡಬ್ಬಿ ಕೊಡ್ರಿ. ಅಲ್ಲಿಗೆ ನಮ್ದು ಕಲಬುರ್ಗಿ ಮುಗೀತು."

ಕೈ ಚಾಚಿದ. ನಾನು ಮಾವನ ಬೆನ್ನ ಹಿಂದೆ ಸರಿದೆ. ನಾಲ್ಕು ತಿಂಗಳು ಪ್ರತಿ ಗುರುವಾರ ತುಂಬಿ ಬಂದ ಡಬ್ಬಿ, ಬೇಕಾದವನು ಬಂದ ಈ ಒಂದು ದಿನ ನನ್ನ ಹೊಟ್ಟೆಗೆ ಹೋಗಿದೆ! ಮಾವ ಎರಡೂ ಕೈಗಳನ್ನು ಮುಚ್ಚಳದ ಮೇಲೆ ಒತ್ತಿ ಇಟ್ಟುಕೊಂಡ. ಆಮೇಲೆ, ಜೀವಮಾನದಲ್ಲಿ ಯಾವತ್ತೂ ಆಡದ ಮಾತು ಆಡಿದ.

"ಖಾಲಿ ಅದ."

"ಇರಲಿ ಬಿಡ್ರಿ, ಖಾಲೀನ ಕೊಡ್ರಿ."

"ಖಾಲಿ ಹ್ಯಾಂಗ ಕೊಡ್ಲೋ ಮಾರಾಯಾ? ನಮ್ಮವ್ವ ಮ್ಯಾಲಿಂದ ನೋಡ್ತಿರ್ತಾಳ. ಬರೂ ಗುರುವಾರ ಬಾ, ತುಂಬಿ ಕೊಡ್ತೀನಿ."

"ಬರಂಗಿಲ್ಲ ಅಂತ ಹೇಳ್ದೆನಲ್ರಿ."

"ಮತ್ತ ಡಬ್ಬಿ ಬಿಟ್ಟು ಹೋಗ್ತಿ? ಅಮ್ಮಗ ಏನ್ ಹೇಳ್ತಿ?"

ಡ್ರೈವರ್ ಸಾಬ ಡಬ್ಬಿಯನ್ನು ನೋಡಿದ, ಮಾವನನ್ನು ನೋಡಿದ. ಸಿಗ್ನಲ್ ಬಿತ್ತು. "ಭಾರೀ ಹಟಮಾರಿ ಇದ್ದೀರಿ ಬಿಡ್ರಿ" ಎಂದು ಎಂಜಿನ್ನು ಹತ್ತಿದ. ಗಾಡಿಯ ಡಬ್ಬಿಗಳು ಖಾಲಿ. ಮಾವ ಓಡಿಹೋಗಿ ಉಡಿ ತುಂಬಿದ.

ಮುಂದಿನ ಗುರುವಾರ ಅವನು ಬಂದ! ಅರ್ಜಿ ಇನ್ನೂ ಜೇಬಿನಲ್ಲೇ ಇತ್ತು. ಡಬ್ಬಿಯದೊಂದು ಮುಗಿಯಲಿ ಎಂದು ಅಮ್ಮ ಹೇಳಿದ್ದಳಂತೆ. ಮಾವ ಹೊಸ ನೆಪ ತೆಗೆದ: ಡಬ್ಬಿಯ ಕೊಂಡಿ ಸಡಿಲಾಗಿದೆ, ಬೆಸುಗೆಗೆ ಕೊಟ್ಟಿದ್ದೇನೆ. ಆಚೆ ವಾರ, ಹೆಂಡತಿ ಹುಗ್ಗಿ ಮಾಡಿದ್ದಾಳೆ, ಹುಗ್ಗಿ ಬಂಡಿಯಲ್ಲಿ ಚೆಲ್ಲುತ್ತದೆ. ಅದರಾಚೆ ವಾರ, ಎತ್ತಿಗೆ ಮೈಯಲ್ಲಿ ಹುಷಾರಿಲ್ಲ. ಎತ್ತಿಗೂ ಡಬ್ಬಿಗೂ ಏನು ಸಂಬಂಧ? ಡ್ರೈವರ್ ಸಾಬ ಕೇಳಲಿಲ್ಲ. ಗುರುವಾರದಿಂದ ಗುರುವಾರಕ್ಕೆ ಅವನ ಗಡ್ಡ ಬೆಳೆಯಿತು. ಅದು ಎದೆ ಮುಟ್ಟುವಷ್ಟರಲ್ಲಿ ಮಾಲಕರಿಂದ ಕೀಲಿ ಇಸಿದುಕೊಂಡು, ತಾಯಿ, ಹೆಂಡತಿ, ಮಕ್ಕಳನ್ನು ಕರೆತಂದ. ಓಣಿಯ ಆಚೆ ತುದಿಯ ಬಾಗಿಲು ತೆರೆಯಿತು. ಅಮ್ಮ ಮುಂದಿನ ರಂಜಾನಿಗೆ ಬೇರೊಂದು ಡಬ್ಬಿಯಲ್ಲಿ ಸುರಕುಂಬಾ ಕಳಿಸಿದಳು. ಹಿತ್ತಾಳೆಯದನ್ನು ಅವನು ನಿವೃತ್ತನಾಗುವವರೆಗೂ ಕೇಳುತ್ತಲೇ ಇದ್ದ, ಮಾವ ಬರುವ ಗುರುವಾರ ಎನ್ನುತ್ತಲೇ ಇದ್ದ.

ಈಗ ಆ ಎಂಜಿನ್ನುಗಳಿಲ್ಲ. ಈಗಿನವು ಕೆಮ್ಮುವುದಿಲ್ಲ, ಅಳುವುದಿಲ್ಲ, ಅವುಗಳ ಕೂಗಿನಲ್ಲಿ ನನಗೆ ಯಾರ ಹೆಸರೂ ಕೇಳಿಸುವುದಿಲ್ಲ. ಯಾರಾದರೂ ಮಕ್ಕಳಿಗೆ ಕೇಳಿಸುತ್ತಿರಬಹುದು. ನಾನಂತೂ ಈ ಕತೆಯನ್ನು ಎಷ್ಟೋ ವರ್ಷ ಹೇಳಿಕೊಂಡು ಬಂದೆ, ಕೊನೆಯಲ್ಲಿ ಒಂದು ಜಂಬದ ಮಾತು ಸೇರಿಸಿ: ನನ್ನ ಹೊಟ್ಟೆಬಾಕತನದಿಂದ ಒಂದು ಸಂಸಾರ ಕಲಬುರ್ಗಿಯಲ್ಲಿ ಉಳಿಯಿತು! ಎಳ್ಳುಂಡಿ ನಾನು ತಿನ್ನದಿದ್ದರೆ ಡಬ್ಬಿ ಖಾಲಿ ಇರುತ್ತಿತ್ತೇ? ಖಾಲಿ ಇರದಿದ್ದರೆ ಅವನು ಮತ್ತೆ ಬರುತ್ತಿದ್ದನೇ? ಎಷ್ಟು ಚೆಂದ ಕೂಡಿಕೊಂಡಿತ್ತು ನೋಡಿ. ಅಷ್ಟು ಚೆಂದ ಕೂಡಿಕೊಂಡಾಗಲೇ ನನಗೆ ಸಂಶಯ ಬರಬೇಕಿತ್ತು.

ಮಾವ ಹೋದ ಮೇಲೆ ಕಮಲಾಪುರಕ್ಕೆ ಹೋಗಿದ್ದೆ. ಅತ್ತೆ ಸೊಸೆಯರ ನಡುವೆ ಕೂತು ಕಡಲೆ ಹಸನು ಮಾಡು‍ತ್ತಿದ್ದಳು. ಕತೆಯನ್ನು ಜಂಬದ ಸಮೇತ ಹೇಳಿದೆ. ಅತ್ತೆ ಕೈ ನಿಲ್ಲಿಸಿದಳು.

"ಏನೇನು ತಿಂದಿ ನೀ ಅವತ್ತು?"

"ಐದು ಎಳ್ಳುಂಡಿ."

"ಅವು ಮ್ಯಾಲಿನ ಅಂತಸ್ತಿನ್ಯಾಗ ಇದ್ವು. ಕೆಳಗಿನದರಾಗ ಶೇಂಗಾ ಹೋಳಿಗಿ ಇಟ್ಟಿದ್ದೆ, ಹತ್ತು."

ಕೆಳಗಿನದನ್ನು ನಾನು ತೆರೆದೇ ಇರಲಿಲ್ಲ. ಅದೊಂದು ಇತ್ತೆಂಬುದೇ ನನ್ನ ನೆನಪಿನಲ್ಲಿ ಉಳಿದಿರಲಿಲ್ಲ.

"ಮಾವಗ ಗೊತ್ತಿರಲಿಲ್ಲೇನೋ, ಅತ್ತಿ."

"ಬುಟ್ಟಿ ಎತ್ತಿ ತೂಕ ಹೇಳಾಂವಗ, ತೊಡೀ ಮ್ಯಾಲ ಇಟ್ಕೊಂಡಿದ್ದು ಗೊತ್ತಾಗಂಗಿಲ್ಲೇನು? ಹತ್ತಕ್ಕ ಹತ್ತೂ ತಿರುಗಿ ಮನೀಗೆ ಬಂದ್ವು. ಡ್ರೈವರ್ ಸಾಬ ಬರಲಿಲ್ಲೇನ್ರಿ ಅಂದೆ. ಬಂದಿದ್ದ ಅಂದ್ರು. ಮತ್ತ ಯಾಕ ಕೊಡಲಿಲ್ಲ ಅಂದೆ."

"ಏನಂದ?"

"'ಕೊಟ್ಟಿದ್ರ ಹೋಗಿಬಿಡ್ತಿದ್ದ' ಅಂದ್ರು. ಅಷ್ಟಽ ಅಂದು ಎತ್ತಿಗೆ ನೀರು ಕುಡಿಸಾಕ ಹೋದ್ರು."

ಅತ್ತೆ ಮತ್ತೆ ಕಡಲೆಯ ಮೊರ ಎಳೆದುಕೊಂಡಳು. ಒಂದು ಹರಳು ಆರಿಸಿ ಎಸೆದು, ತಲೆಯೆತ್ತಿ ನನ್ನ ಮುಖ ನೋಡಿದಳು.

"ಯಾಕ ಅಳ್ತೀಯವ್ವಾ? ಹೋಳಿಗಿ ತಪ್ಪಿ ಹೋದ್ವು ಅಂತೇನು?"